ಮೊದಲು ಒಂದು ನಕಲು

ಕೇಳುಗರಿಗೆ ನಮಸ್ಕಾರ. ಮನೆಯ ಹಳೇ ಫೋಟೋಗಳನ್ನು ಬಿಡಿಗಾಸು ಖರ್ಚಿಲ್ಲದೆ ಕಂಪ್ಯೂಟರಿನಲ್ಲಿ ಸರಿಮಾಡಿಕೊಳ್ಳುವುದು ಇವತ್ತಿನ ವಿಷಯ. ಅದಕ್ಕೂ ಮುಂಚೆ ಒಂದು ಮಾತು. ಮೂಲ ಫೋಟೋ ಮುಟ್ಟಬೇಡಿ. ಒಂದು ನಕಲು ಮಾಡಿಕೊಳ್ಳಿ. ಆ ನಕಲಿನ ಮೇಲೆ ಏನು ಬೇಕಾದರೂ ಮಾಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಇದು ನಮ್ಮ ಮನೆಯಲ್ಲೇ ಆದದ್ದು. ಅಜ್ಜನ ಊರು ಮುಳುಗಡೆ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತಲ್ಲ, ಆಗ ಶರಾವತಿ ಹಿನ್ನೀರಿಗೆ ಹೋಯಿತು. ಊರು ಬಿಡುವ ಮುಂಚೆ ತೆಗೆದ ಒಂದೇ ಒಂದು ಫೋಟೋ ಉಳಿದಿತ್ತು. ಅಜ್ಜ ಜಗಲಿಯ ಮೇಲೆ ಕೂತಿದ್ದಾರೆ. ಅಂಗಳದ ತುಂಬ ಅಡಿಕೆ ಹರವಿದೆ. ಬಾಗಿಲ ಸಂದಿಯಲ್ಲಿ ಅಜ್ಜಿ, ಅರ್ಧ ಮುಖ ಮಾತ್ರ ಕಾಣುತ್ತದೆ.

ಅಜ್ಜ ತೀರಿಕೊಂಡಾಗ ವೈಕುಂಠ ಸಮಾರಾಧನೆಯ ಕಾರ್ಡಿಗೆ ಅವರ ಮುಖ ಬೇಕಾಯಿತು. ಅಣ್ಣನ ಮಗ ಆ ಫೋಟೋವನ್ನು ಮೊಬೈಲಿನಲ್ಲಿ ತೆಗೆದ, ಮುಖವಷ್ಟೇ ಉಳಿಸಿ ಕತ್ತರಿಸಿದ, ಸೇವ್ ಒತ್ತಿದ. ಹಳೇ ಫೈಲಿನ ಮೇಲೇ ಸೇವ್ ಆಯಿತು. ಗೋಡೆ ಮೇಲೆ ಫೋಟೋ ಇದೆಯಲ್ಲ ಅಂತ ನಾವೂ ಸುಮ್ಮನಾದೆವು. ಆ ವರ್ಷದ ಮಳೆಗೆ ಗೋಡೆ ಥಂಡಿ ಹಿಡಿದು ಫೋಟೋ ಗಾಜಿಗೆ ಅಂಟಿಕೊಂಡಿತು. ಬಿಡಿಸಲು ಹೋದರೆ ಚಿತ್ರವೇ ಗಾಜಿನ ಜೊತೆ ಕಿತ್ತು ಬಂತು.

ಪುಣ್ಯಕ್ಕೆ, ಕತ್ತರಿಸುವ ಮುಂಚೆ ಸಾಗರದ ಅತ್ತೆಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದು ಸಿಕ್ಕಿತು. ಆದರೆ ಅದು ಕುಗ್ಗಿದ ಚಿತ್ರ. ಜಗಲಿ ಕಾಣುತ್ತದೆ, ಅಡಿಕೆ ಕಾಣುತ್ತದೆ. ಅಜ್ಜಿಯ ಮುಖ ಹಿಗ್ಗಿಸಿದರೆ ಬರೀ ಚೌಕ ಚೌಕ. ಚಿತ್ರದಲ್ಲಿ ಇಲ್ಲದ ಮುಖವನ್ನು ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ. ಅದಕ್ಕೇ ಹೇಳಿದ್ದು, ಮೊದಲು ನಕಲು.

ಸರಿ, ಈಗ ಕೆಲಸಕ್ಕೆ ಬರೋಣ. ಕ್ರೋಮ್ ತೆರೆದು ಫೋಟೋಪೀ ಡಾಟ್ ಕಾಮ್ ಅಂತ ಬರೆಯಿರಿ. ಫೋಟೋ ತಿದ್ದುವ ಈ ತಾಣ ಇವಾನ್ ಕುಟ್ಸ್ಕಿರ್ ಅನ್ನುವವರು 2013ರಲ್ಲಿ ಶುರುಮಾಡಿದ್ದು. ನಿಮ್ಮ ನಕಲನ್ನು ಅದರಲ್ಲಿ ತೆರೆಯಿರಿ. ಪಕ್ಕದಲ್ಲಿ ಜಾಹೀರಾತು ಬರುತ್ತವೆ, ಬರಲಿ ಬಿಡಿ. ಫೋಟೋ ಎಲ್ಲೂ ಹೋಗುವುದಿಲ್ಲ, ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ನಡೆಯುತ್ತದೆ. ಪುಟ ಒಮ್ಮೆ ತೆರೆದುಕೊಂಡ ಮೇಲೆ ನಡುವೆ ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ನಮ್ಮ ಮಲೆನಾಡಿನ ಮಳೆಗಾಲಕ್ಕೆ ಇದಕ್ಕಿಂತ ಇನ್ನೇನು ಬೇಕು, ಹೇಳಿ!

ಮಂಕಾದ ಫೋಟೋಗೆ ಲೆವೆಲ್ಸ್, ಅಂದರೆ ಕಪ್ಪು ಬಿಳುಪು ಹೊಂದಿಸುವ ಪಟ್ಟಿ, ಅದೊಂದೇ ಸಾಕು. ಕಪ್ಪು ತುದಿಯನ್ನೂ ಬಿಳಿ ತುದಿಯನ್ನೂ ಸ್ವಲ್ಪ ಒಳಗೆ ಎಳೆದರೆ ಮುಖ ಎದ್ದು ಬರುತ್ತದೆ. ಬೂಷ್ಟಿನ ಚುಕ್ಕೆಗಳ ಮೇಲೆ ಸ್ಪಾಟ್ ಹೀಲಿಂಗ್ ಬ್ರಷ್ ಆಡಿಸಿ. ಅಕ್ಕಪಕ್ಕದ ಬಣ್ಣ ತಂದು ತುಂಬುತ್ತದೆ. ಮುಗಿದ ಮೇಲೆ ಬೇರೆ ಹೆಸರಿಟ್ಟು ಉಳಿಸಿ. ಬೇರೆ ಹೆಸರು, ಮರೆಯಬೇಡಿ. ಜೆಪೆಗ್ ಅನ್ನುವ ಬಗೆಯ ಫೋಟೋ ಫೈಲನ್ನು ತಿದ್ದಿ ತಿದ್ದಿ ಅದರ ಮೇಲೇ ಉಳಿಸುತ್ತಾ ಹೋದರೆ ಪ್ರತಿ ಸಲವೂ ಚಿತ್ರ ಅಷ್ಟಷ್ಟು ಕೆಡುತ್ತದೆ.

ಹೇಳಬೇಕಾದ್ದು ಇನ್ನೂ ಇತ್ತು, ಹೊತ್ತು ಮುಗಿಯುತ್ತ ಬಂತು. ವಾಟ್ಸಾಪ್‌ನಲ್ಲಿ ಫೋಟೋ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ, ಕುಗ್ಗುವುದಿಲ್ಲ. ಜೋರು ಮಳೆ ಹಿಡಿಯುವ ಮುಂಚೆ ಗೋಡೆಯ ಫೋಟೋಗಳನ್ನು ಇಳಿಸಿ, ಕಿಟಕಿಯ ಬೆಳಕಿಗೆ ಇಟ್ಟು, ಫ್ಲಾಶ್ ಹಾಕದೆ ಮೊಬೈಲಿನಲ್ಲಿ ತೆಗೆದುಕೊಳ್ಳಿ. ತೆಗೆದ ಕೂಡಲೇ ಒಂದು ನಕಲು. ನಮಸ್ಕಾರ.