ಹಸಿದ ನೊಣ ಯಾಕೆ ಸುಮ್ನೆ ಕೂರುವುದಿಲ್ಲ?

ಎಲ್ಲರಿಗೂ ನಮಸ್ಕಾರ.

ಕೊಳೆತ ಹಣ್ಣಿಗೆ ಮುತ್ತುವ ಪುಟ್ಟ ನೊಣವನ್ನು ನೀವೆಲ್ಲ ನೋಡಿರುತ್ತೀರಿ. ಉದ್ದ ಸುಮಾರು 3 ಮಿಲಿಮೀಟರ್. ಅದರ ಮಿದುಳಿನಲ್ಲಿ ಹೆಚ್ಚುಕಡಿಮೆ 1,40,000 ನರಕೋಶಗಳಿವೆ. ಯಾವ ಕೋಶ ಯಾವುದಕ್ಕೆ ಅಂಟಿಕೊಂಡಿದೆ ಅನ್ನುವ ಪೂರ್ತಿ ನಕ್ಷೆ 2024ರಲ್ಲಿ ಪ್ರಕಟವಾಯಿತು. ಹಾಗಾದರೆ ನಕ್ಷೆ ನೋಡಿ ನೊಣ ಮುಂದೇನು ಮಾಡುತ್ತದೆ ಅಂತ ಹೇಳಬಹುದಾ? ಆಗುವುದಿಲ್ಲ. ನರಗಳ ಜಾಲ ಅದೇ ಇದ್ದರೂ ಹೊಟ್ಟೆ ತುಂಬಿದಾಗ ನೊಣದ ವರಸೆ ಒಂದು, ಹಸಿದಾಗ ಇನ್ನೊಂದು. ಜಾಲದೊಳಗೆ ಒಸರುವ ರಾಸಾಯನಿಕಗಳು ಅದರ ಹದವನ್ನೇ ಬದಲಿಸುತ್ತವೆ.

ಹಸಿದ ನೊಣ ಶಕ್ತಿ ಉಳಿಸಲು ಮುದುಡಿ ಕೂರಬೇಕಿತ್ತು, ಅಲ್ವಾ? ಅದು ಜಾಸ್ತಿ ಓಡಾಡುತ್ತದೆ. ಕೂತರೆ ಊಟ ಸಿಗುವುದಿಲ್ಲವಲ್ಲ! ಈ ಚಡಪಡಿಕೆಯ ಹಿಂದಿರುವುದು ಆಕ್ಟೋಪಮೀನ್ ಎಂಬ ರಾಸಾಯನಿಕ, ನಮ್ಮ ಮೈಯನ್ನು ಚುರುಕಾಗಿಸುವ ನಾರ್‌ಅಡ್ರಿನಲಿನ್‌ನ ಹತ್ತಿರದ ನೆಂಟ. ಅದನ್ನು ತಯಾರಿಸಲಾಗದ ನೊಣಗಳಲ್ಲಿ ಹಸಿವಿನ ಓಡಾಟ ಕಾಣುವುದಿಲ್ಲ. ಅಂಥ ಹೆಣ್ಣು ನೊಣದ ಹೊಟ್ಟೆಯಲ್ಲಿ ಮೊಟ್ಟೆ ಬೆಳೆದರೂ ಅದಕ್ಕೆ ಇಡಲು ಆಗುವುದಿಲ್ಲ. ಓಡಾಟಕ್ಕೂ ಮೊಟ್ಟೆಗೂ ಒಂದೇ ರಾಸಾಯನಿಕ!

ಈಗ ಮಿದುಳಿನ ಇನ್ನೊಂದು ರಾಸಾಯನಿಕ, ಡೋಪಮೀನ್. ಪ್ರಯೋಗಾಲಯದಲ್ಲಿ ಒಂದು ಸರಳ ಪರೀಕ್ಷೆ ಇದೆ. ಗಾಜಿನ ಕೊಳವೆಯಲ್ಲಿ ಕೆಲವು ನೊಣಗಳನ್ನು ಹಾಕಿ ಮೇಜಿಗೆ ಟಪ್ ಅಂತ ಕುಟ್ಟುತ್ತಾರೆ. ಎಲ್ಲವೂ ತಳಕ್ಕೆ ಬೀಳುತ್ತವೆ. ಮರುಕ್ಷಣವೇ ಗೋಡೆ ಹಿಡಿದು ಸರಸರ ಮೇಲೇರುತ್ತವೆ. 2000ದಲ್ಲಿ ಪಾರ್ಕಿನ್‌ಸನ್ಸ್ ಕಾಯಿಲೆಗೆ ಸಂಬಂಧಿಸಿದ ಮನುಷ್ಯರ ಒಂದು ಜೀನನ್ನು ನೊಣಗಳಿಗೆ ಸೇರಿಸಿ ನೋಡಿದರು. ವಯಸ್ಸಾಗುತ್ತಾ ಡೋಪಮೀನ್ ಒಸರುವ ಕೋಶಗಳು ಸತ್ತವು. ಮಾಮೂಲಿ ನೊಣಗಳಿಗಿಂತ ಬೇಗನೇ ಇವು ಹತ್ತುವ ಶಕ್ತಿ ಕಳೆದುಕೊಂಡು ತಳದಲ್ಲೇ ಉಳಿಯತೊಡಗಿದವು.

ಡೋಪಮೀನ್ ಹೆಚ್ಚಾದರೂ ಕಷ್ಟವೇ. ಜಪಾನಿನ ವಿಜ್ಞಾನಿಗಳು 2005ರಲ್ಲಿ ವಿವರಿಸಿದ 'ಫುಮಿನ್' ಎಂಬ ನೊಣದಲ್ಲಿ, ಸುರಿದ ಡೋಪಮೀನನ್ನು ಕೋಶದೊಳಕ್ಕೆ ವಾಪಸ್ ಎಳೆದುಕೊಳ್ಳುವ ಪ್ರೋಟೀನೇ ಕೆಟ್ಟಿರುತ್ತದೆ. ಅದು ನಿದ್ದೆ ಮಾಡುವುದೇ ಅಪರೂಪ. ಇನ್ನು ನೆನಪಿನ ಕೇಂದ್ರದಲ್ಲಿ ಕೆಲವು ಡೋಪಮೀನ್ ಕೋಶಗಳು 'ಈ ವಾಸನೆ ಒಳ್ಳೆಯದು' ಅಂತ ಕಲಿಸಿದರೆ, ಬೇರೆ ಕೆಲವು 'ಇದರಿಂದ ದೂರ ಇರು' ಅಂತ ಕಲಿಸುತ್ತವೆ. ಡೋಪಮೀನ್ ಅಂದರೆ ಖುಷಿಯ ರಾಸಾಯನಿಕ ಅನ್ನುವವರು ಈ ಎರಡನೆಯ ಗುಂಪನ್ನು ಮರೆತಿರುತ್ತಾರೆ.

ಸೆರೊಟೋನಿನ್ ಎಂಬ ಮತ್ತೊಂದು ರಾಸಾಯನಿಕವೂ ಹಾಗೆಯೇ, ಜಾಗ ಬದಲಾದರೆ ಕೆಲಸವೂ ಬೇರೆ. ಎದೆಭಾಗದ ನರಹುರಿಯಲ್ಲಿ ಒಸರಿದರೆ ನಡಿಗೆ ನಿಧಾನವಾಗುತ್ತದೆ. ಆದರೆ ಮಿದುಳಿನಲ್ಲಿ ಹೆಚ್ಚಾದರೆ ಗಂಡುಗಳ ಜಗಳ ಜೋರಾಗುತ್ತದೆ.

ನನಗೆ ತುಂಬಾ ಇಷ್ಟವಾದ ಪ್ರಯೋಗ 2012ರದ್ದು. ಹೆಣ್ಣುಗಳು ಮತ್ತೆಮತ್ತೆ ತಿರಸ್ಕರಿಸಿದ ಗಂಡು ನೊಣಗಳು, ಕೂಡಿದ ಗಂಡುಗಳಿಗಿಂತ ಜಾಸ್ತಿ ಮದ್ಯ ಬೆರೆಸಿದ ಆಹಾರ ಹೀರಿದವು. ನಗು ಬರುತ್ತದೆ, ಆದರೆ ಕಾರಣ ಮಿದುಳಿನಲ್ಲೇ ಸಿಕ್ಕಿತು. ತಿರಸ್ಕೃತ ನೊಣಗಳಲ್ಲಿ ನ್ಯೂರೋಪೆಪ್ಟೈಡ್ ಎಫ್ ಎಂಬ ರಾಸಾಯನಿಕದ ಮಟ್ಟ ಇಳಿದಿತ್ತು. ಅದನ್ನು ಒಸರುವ ಕೋಶಗಳನ್ನು ಕೃತಕವಾಗಿ ಕೆರಳಿಸಿದಾಗ, ಹೆಣ್ಣಿನ ಸಂಗವೇ ಇಲ್ಲದ ಗಂಡುಗಳಿಗೂ ಮದ್ಯದ ಸೆಳೆತ ಕಡಿಮೆಯಾಯಿತು.