ಪಾರ್ಕಿನ್ಸನ್ ಕಾಯಿಲೆ: ಪ್ರೋಟೀನುಗಳ ಹಿಡಿತ ತಪ್ಪಿದಾಗ

ಕೇಳುಗರಿಗೆ ನಮಸ್ಕಾರ.

ಕೈನಡುಕ, ಸ್ನಾಯುಗಳ ಬಿಗಿತ ಮತ್ತು ನಿಧಾನಗೊಳ್ಳುವ ಚಲನೆಯಿಂದ ನಾವು ಗುರುತಿಸುವ ಪಾರ್ಕಿನ್ಸನ್ ಕಾಯಿಲೆಯಲ್ಲಿ, ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ನರಕೋಶಗಳು ಕ್ರಮೇಣ ಸಾಯುತ್ತವೆ. ಒಂದೇ ವಂಶವಾಹಿಯ ದೋಷದಿಂದ ಈ ಕಾಯಿಲೆ ಬರುವ ಕುಟುಂಬಗಳು ಕಡಿಮೆ. ಆದರೂ ಜೀವಕೋಶದೊಳಗೆ ಏನು ಕೆಡುತ್ತದೆ ಎಂಬುದನ್ನು ನಾವು ಬಹುಮಟ್ಟಿಗೆ ಕಲಿತದ್ದು ಆ ಕುಟುಂಬಗಳಿಂದಲೇ. ಆ ಋಣವನ್ನು ಮರೆಯಬಾರದು.

ನರಕೋಶವು ವಿಭಜನೆಯಾಗದೆ ದಶಕಗಳ ಕಾಲ ಬದುಕಬೇಕಾದುದರಿಂದ, ತನ್ನೊಳಗೆ ಹಾಳಾದುದನ್ನು ಕೋಶದ ಜೀರ್ಣಕ ಚೀಲವಾದ ಲೈಸೊಸೋಮ್‌ಗೆ ಒಯ್ದು ಜೀರ್ಣಿಸಿಕೊಳ್ಳಲೇಬೇಕು. ಇದೇ ಆಟೋಫೇಜಿ, ಅಂದರೆ ಸ್ವಭಕ್ಷಣೆ. ಇದರ ಕಾರ್ಯವಿಧಾನವನ್ನು ಯೀಸ್ಟ್‌ನಲ್ಲಿ ಬಿಡಿಸಿ ತೋರಿದ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯ ಆರೋಗ್ಯವಾಗಿದ್ದಾಗ, ಪಿಂಕ್-1 ಎಂಬ ಪ್ರೋಟೀನು ಅದರ ಒಳಕ್ಕೆ ಸೇರಿ, ತುಂಡಾಗಿ, ಬೇಗನೆ ನಾಶವಾಗುತ್ತದೆ. ಮೈಟೊಕಾಂಡ್ರಿಯ ಹಾನಿಗೊಂಡರೆ ಪಿಂಕ್-1 ಹೊರಪೊರೆಯ ಮೇಲೆಯೇ ಉಳಿದು, ವಿಲೇವಾರಿಯ ಗುರುತಾಗಿ ಕೆಲಸ ಮಾಡುವ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿಗೂ ಪಾರ್ಕಿನ್ ಎಂಬ ಕಿಣ್ವಕ್ಕೂ ಫಾಸ್ಫೇಟನ್ನು ಸೇರಿಸುತ್ತದೆ. ಅಲ್ಲಿಯವರೆಗೆ ಮಡಚಿಕೊಂಡು ನಿಷ್ಕ್ರಿಯವಾಗಿದ್ದ ಪಾರ್ಕಿನ್ ಆಗ ತೆರೆದುಕೊಂಡು ಪೊರೆಯ ಮೇಲೆ ಇನ್ನಷ್ಟು ಯುಬಿಕ್ವಿಟಿನ್ ಅಂಟಿಸುತ್ತದೆ. ಪಿಂಕ್-1 ಅದಕ್ಕೂ ಫಾಸ್ಫೇಟ್ ಸೇರಿಸಿ ಮತ್ತಷ್ಟು ಪಾರ್ಕಿನ್ ಅನ್ನು ಕರೆಸುತ್ತದೆ. ಆಪ್ಟಿನ್ಯೂರಿನ್‌ನಂಥ ಪ್ರೋಟೀನುಗಳು ಒಂದು ತುದಿಯಲ್ಲಿ ಯುಬಿಕ್ವಿಟಿನ್ನನ್ನೂ ಇನ್ನೊಂದರಲ್ಲಿ ಸ್ವಭಕ್ಷಣೆಯ ಪೊರೆಯನ್ನೂ ಹಿಡಿದು ಎರಡನ್ನೂ ಜೋಡಿಸುತ್ತವೆ; ಆ ಪೊರೆ ಹಾನಿಗೊಂಡ ಮೈಟೊಕಾಂಡ್ರಿಯವನ್ನು ಸುತ್ತುವರಿದು ಲೈಸೊಸೋಮ್‌ಗೆ ತಲುಪಿಸುತ್ತದೆ. ಇಷ್ಟು ಸೊಗಸಾದ ಸರಪಳಿಯಲ್ಲಿ ಪಿಂಕ್-1 ಅಥವಾ ಪಾರ್ಕಿನ್‌ನ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟರೆ, ಕಾಯಿಲೆ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳಬಹುದು.

ಹಿಡಿತ ಸಡಿಲವಾದರೆ ಮಾತ್ರ ಅಪಾಯವೆಂದಲ್ಲ. ಈ ಕಾಯಿಲೆಯಲ್ಲಿ ನರಕೋಶಗಳೊಳಗೆ ಗಂಟುಕಟ್ಟುವ ಆಲ್ಫಾ-ಸಿನ್ಯೂಕ್ಲಿನ್ ಪ್ರೋಟೀನನ್ನು ಲೈಸೊಸೋಮ್‌ನ ಪೊರೆಯಲ್ಲಿರುವ ಲ್ಯಾಂಪ್-2ಎ ಗ್ರಾಹಕ ಸಾಮಾನ್ಯವಾಗಿ ಒಳಕ್ಕೆ ಬಿಟ್ಟುಕೊಳ್ಳುತ್ತದೆ. 1997ರಲ್ಲಿ ಪತ್ತೆಯಾದ, ಈ ಪ್ರೋಟೀನಿನ ಎ53ಟಿ ಎಂಬ ದೋಷಯುಕ್ತ ರೂಪಾಂತರವಾದರೋ ಆ ಗ್ರಾಹಕಕ್ಕೆ ಬಿಗಿಯಾಗಿ ಅಂಟಿಕೊಂಡು ಒಳಗೂ ಹೋಗದೆ, ಬೇರೆ ಪ್ರೋಟೀನುಗಳಿಗೂ ದಾರಿ ಬಿಡದೆ, ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಇನ್ನು ಲರ್ಕ್-2 ಎಂಬ ಕಿಣ್ವದ ವಂಶವಾಹಿಯ ದೋಷಗಳಲ್ಲಿ ಆ ಕಿಣ್ವದ ಚಟುವಟಿಕೆಯೇ ಅತಿಯಾಗಿ, ಕೋಶದೊಳಗಿನ ಸಾಗಾಟವನ್ನು ನಿಯಂತ್ರಿಸುವ ರ‍್ಯಾಬ್ ಪ್ರೋಟೀನುಗಳ ಸಂಪರ್ಕಗಳು ಏರುಪೇರಾಗುತ್ತವೆ.

ಆದ್ದರಿಂದ ಸ್ವಭಕ್ಷಣೆಯನ್ನು ಹೆಚ್ಚಿಸಿದರೆ ಸಾಕೆಂಬ ಮಾತನ್ನು ನಾನು ಒಪ್ಪಲಾರೆ. ಯುಬಿಕ್ವಿಟಿನ್ ಗುರುತನ್ನು ಅಳಿಸುವ ಯುಎಸ್‌ಪಿ-30 ಕಿಣ್ವವನ್ನು ತಡೆಯುವುದು, ಪಾರ್ಕಿನ್ ಅಲ್ಪಸ್ವಲ್ಪವಾದರೂ ಕೆಲಸ ಮಾಡುತ್ತಿರುವಲ್ಲಿ ನೆರವಾದೀತು. ಲರ್ಕ್-2 ದೋಷವಿರುವವರಲ್ಲಿ ತಗ್ಗಿಸಬೇಕಾದದ್ದು ಆ ಕಿಣ್ವದ ಅತಿ ಚಟುವಟಿಕೆಯನ್ನೇ. ಎರಡೂ ಬಗೆಯ ಔಷಧಗಳ ಸಂಶೋಧನೆ ನಡೆಯುತ್ತಿರುವ ಈ ಹೊತ್ತಿನಲ್ಲಿ, ಯಾವ ರೋಗಿಯಲ್ಲಿ ಯಾವ ಕೊಂಡಿ ಕೆಟ್ಟಿದೆ ಎಂಬುದನ್ನು ಮೊದಲು ತಿಳಿಯಬೇಕು.