ಹಳೆ ಸೋನಿ ಎಕ್ಸ್‌ಎಂ4 ಸಾಕಾ, ಹೊಸ ಎಕ್ಸ್‌ಎಂ6 ಬೇಕಾ? ಬಸ್ಸು, ರೈಲು, ವಿಮಾನದಲ್ಲಿ ಕೇಳಿ ನೋಡಿದ್ದು

ನಮಸ್ಕಾರ. ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವ ಎರಡು ಹೆಡ್‌ಫೋನ್‌ಗಳಲ್ಲಿ ಹೊಸದು ಯಾವುದು, ಹೇಳಿ ನೋಡೋಣ. ಎರಡೂ ಕಪ್ಪು. ಎರಡೂ ಮಡಚಿಕೊಳ್ಳುತ್ತವೆ. ತೂಕ ಕೂಡ ಒಂದೇ, 254 ಗ್ರಾಂ. ಹೊರಗಿನ ಸದ್ದು ತಗ್ಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಆನ್ ಮಾಡಿ ಕೇಳಿದರೆ ಬ್ಯಾಟರಿ 30 ಗಂಟೆ ಬರುತ್ತದೆ ಅಂತ ಕಂಪನಿ ಎರಡರ ಡಬ್ಬಿ ಮೇಲೂ ಹಾಕಿದೆ.

ಎಡಗಡೆಯದು ಸೋನಿ ಡಬ್ಲ್ಯೂಎಚ್-1000ಎಕ್ಸ್‌ಎಂ4, 2020ರದು. ಬಲಗಡೆಯದು ಡಬ್ಲ್ಯೂಎಚ್-1000ಎಕ್ಸ್‌ಎಂ6, 2025ರದು. ಇಂಥ ಹೆಸರು ಇಡುವುದು ಯಾರ ಕೆಲಸವೋ, ಅವರ ಮಕ್ಕಳ ನಾಮಕರಣ ನೆನೆಸಿಕೊಂಡರೆ ಭಯ ಆಗುತ್ತದೆ. ನಾನು ಹಳೆಯದು, ಹೊಸದು ಅಂತಲೇ ಹೇಳುತ್ತೇನೆ.

ಹಳೆಯದು ನಮ್ಮಲ್ಲಿ ಬಂದಾಗ 30 ಸಾವಿರದ ಆಸುಪಾಸು ಇತ್ತು. ಹೊಸದು 40 ಸಾವಿರದ ಹತ್ತಿರ. ಹಾಗಾದರೆ ಜಾಸ್ತಿ ಕೊಟ್ಟ ದುಡ್ಡಿಗೆ ಸಿಕ್ಕಿದ್ದೇನು? ಇದಕ್ಕೆ ಉತ್ತರ ನೀವು ಯಾವುದರಲ್ಲಿ ಓಡಾಡುತ್ತೀರಿ ಅನ್ನೋದರ ಮೇಲೆ ನಿಂತಿದೆ. ಯಾಕೆಂದರೆ ಬಸ್ಸಿನ ಸದ್ದು ಬೇರೆ, ವಿಮಾನದ ಸದ್ದು ಬೇರೆ, ಪಕ್ಕದ ಸೀಟಿನವರ ಸದ್ದು ಬೇರೆಯೇ.

ಮೊದಲು ಈ ನಾಯ್ಸ್ ಕ್ಯಾನ್ಸಲಿಂಗ್ ಕೆಲಸ ಮಾಡುವುದು ಹೇಗೆ ಅಂತ ಸ್ವಲ್ಪ ನೋಡಿಬಿಡೋಣ. ಕಿವಿ ಮೇಲೆ ಕೂರುವ ಬಟ್ಟಲಿಗೆ ಕಪ್ಪು ಅಂತೀವಲ್ಲ, ಆ ಕಪ್ಪಿನ ಹೊರಗೂ ಒಳಗೂ ಪುಟ್ಟ ಪುಟ್ಟ ಮೈಕುಗಳಿವೆ. ಅವು ಹೊರಗಿನ ಸದ್ದನ್ನು ಹಿಡಿಯುತ್ತವೆ. ಒಳಗಿರುವ ಎಲೆಕ್ಟ್ರಾನಿಕ್ ಚಿಪ್ಪು ಆ ಸದ್ದಿಗೆ ಸರಿಯಾಗಿ ಉಲ್ಟಾ ಅಲೆಯನ್ನು ಸ್ಪೀಕರಿನಿಂದ ಬಿಡುತ್ತದೆ. ಒಂದು ಮೇಲೆ ಹೋಗುವಾಗ ಇನ್ನೊಂದು ಕೆಳಗೆ. ಎರಡೂ ಸೇರಿ ಸದ್ದು ಇಳಿಯುತ್ತದೆ. ಕಷ್ಟ ಇರುವುದು ಟೈಮಿಂಗಿನಲ್ಲಿ. 100 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 100 ಸಲ ಕಂಪಿಸುವ, ಗುಂಯ್ ಸದ್ದಿನ ಒಂದು ಅಲೆ ಸುಮಾರು 3.4 ಮೀಟರ್ ಉದ್ದ. ಅಷ್ಟು ಉದ್ದದ ಅಲೆಗೆ ಉಲ್ಟಾ ಅಲೆ ಹೊಂದಿಸುವುದು ಸುಲಭ. ಅದೇ 3000 ಹರ್ಟ್ಜ್‌ಗೆ ಹೋದರೆ ಅಲೆ ಬರೀ 11 ಸೆಂಟಿಮೀಟರ್. ಕೂದಲೆಳೆಯಷ್ಟು ತಡವಾದರೂ ಲೆಕ್ಕ ತಪ್ಪುತ್ತದೆ. ಅದಕ್ಕೇ ಕೀರಲು ಸದ್ದನ್ನು ತಡೆಯುವ ಕೆಲಸ ಹೆಚ್ಚಾಗಿ ಚಿಪ್ಪಿನದ್ದಲ್ಲ, ಕಿವಿ ಮುಚ್ಚುವ ಕುಶನ್ನಿನದ್ದು. ಈ ಕುಶನ್ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದು ದೊಡ್ಡ ಕಥೆ.

ಈಗ ವಿಮಾನ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ 2023ರಲ್ಲಿ ಶುರುವಾಯಿತಲ್ಲ, ಆ ಎಟಿಆರ್ ಅನ್ನುವ ಚಿಕ್ಕ ವಿಮಾನ. ರೆಕ್ಕೆಗೆ ಎರಡು ದೊಡ್ಡ ಪ್ರೊಪೆಲ್ಲರ್, ಒಂದೊಂದರಲ್ಲಿ ಆರು ಎಲೆ. ಹಾರುವಾಗ ಆ ಎಲೆಗಳು ಗಾಳಿ ಸೀಳುವ ಸದ್ದು ಹತ್ತಿರ ಹತ್ತಿರ 100 ಹರ್ಟ್ಜ್‌ನಲ್ಲೇ ಬೀಳುತ್ತದೆ. ಪ್ರೊಪೆಲ್ಲರ್ ನೇರಕ್ಕೆ ಸೀಟು ಸಿಕ್ಕಿದರಂತೂ ಸದ್ದು ಹಲ್ಲಿಗೇ ಕೇಳುತ್ತದೆ. ಕೇಳುವವರಿಗೆ ಹಿಂಸೆ, ಈ ಹೆಡ್‌ಫೋನ್‌ಗಳಿಗೆ ಹಬ್ಬ. ಹಳೆಯದನ್ನು ಹಾಕಿ ಆನ್ ಮಾಡಿದೆ, ಗುಂಯ್ ಮಾಯ. ಹೊಸದನ್ನು ಹಾಕಿದೆ, ಅಲ್ಲೂ ಮಾಯ. ಕಣ್ಣು ಮುಚ್ಚಿಕೊಂಡು ಒಂದಾದ ಮೇಲೆ ಒಂದು ಹಾಕಿಕೊಂಡೆ. ಗುಂಯ್ ಸದ್ದಿನ ಮಟ್ಟಿಗೆ ಹೇಳುವುದಾದರೆ, ಈ ವ್ಯತ್ಯಾಸಕ್ಕೆ ನಾನು ಹತ್ತು ಸಾವಿರ ಅಲ್ಲ, ಸಾವಿರ ರೂಪಾಯಿ ಕೂಡ ಕೊಡುವುದಿಲ್ಲ.

ಅಚ್ಚರಿ ಏನಿಲ್ಲ ಬಿಡಿ. ಈ ವಿದ್ಯೆ ಬೆಳೆದಿದ್ದೇ ವಿಮಾನದ ಸದ್ದಿಗಾಗಿ. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೊರಟಿದ್ದ ಅಮರ್ ಬೋಸ್ ಅವರಿಗೆ ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ ಸದ್ದೇ ಜಾಸ್ತಿ ಕೇಳಿಸಿತು. ಅವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು, ಸ್ಪೀಕರ್ ಮಾಡುವ ಬೋಸ್ ಕಂಪನಿ ಕಟ್ಟಿದವರು. ಸಿಟ್ಟು ಮಾಡಿಕೊಂಡು ಸುಮ್ನೆ ಕೂರಲಿಲ್ಲ, ಸೀಟಿನಲ್ಲೇ ಲೆಕ್ಕ ಹಾಕಲು ಶುರು ಮಾಡಿದರು. ಅವರ ಕಂಪನಿಯ ಪೈಲಟ್ ಹೆಡ್‌ಸೆಟ್ ಮಾರಾಟಕ್ಕೆ ಬರುವಾಗ 1989 ಆಗಿತ್ತು. ಅಷ್ಟು ವರ್ಷದಿಂದ ತಿದ್ದುತ್ತಾ ಬಂದ ಕೆಲಸ, 2020ರ ಹೊತ್ತಿಗೆ ಚೆನ್ನಾಗಿ ಆಗಿರಲೇಬೇಕಲ್ವಾ?

ವಿಮಾನದಲ್ಲಿ ಇನ್ನೊಂದು ವಿಷಯ ಇದೆ. ಮೇಲೆ ಹೋದಾಗ ಒಳಗಿನ ಗಾಳಿಯ ಒತ್ತಡ ಇಳಿಯುತ್ತದೆ. ದೊಡ್ಡ ವಿಮಾನಗಳಲ್ಲಿ ಅದು 6 ಸಾವಿರದಿಂದ 8 ಸಾವಿರ ಅಡಿ ಎತ್ತರದಲ್ಲಿ ಇದ್ದಂತೆ. ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲೋ ಅದಕ್ಕಿಂತ ಮೇಲೋ ಕೂತ ಹಾಗೆ. ಒತ್ತಡ ಬದಲಾದರೆ ಉಲ್ಟಾ ಅಲೆಯ ಲೆಕ್ಕವೂ ಬದಲಾಗುತ್ತದೆ. ಹಳೆಯದರಲ್ಲಿ ಇದನ್ನು ನಾವೇ ಹೇಳಬೇಕು. ಎಡ ಕಪ್ಪಿನ ಅಂಚಿನ ಬಟನ್ ಒತ್ತಿ ಹಿಡಿದರೆ ಕಿವಿಯಲ್ಲಿ ಕೆಲವು ಸ್ವರ ನುಡಿಸಿ, ಅಳತೆ ಮಾಡಿಕೊಂಡು, ತಾನೇ ಹೊಂದಿಕೊಳ್ಳುತ್ತದೆ. ಹಳೆಯದು ಇಟ್ಟುಕೊಂಡವರು ಎಷ್ಟೋ ಜನ ಇದನ್ನು ಒಮ್ಮೆಯೂ ಮಾಡಿರುವುದಿಲ್ಲ. ವಿಮಾನ ಮೇಲೆ ಹೋಗಿ ನೆಟ್ಟಗಾದ ಮೇಲೆ ಮಾಡಿ ನೋಡಿ. ಹೊಸದರಲ್ಲಿ ಈ ಕೆಲಸ ತನ್ನಷ್ಟಕ್ಕೆ ಆಗುತ್ತಿರುತ್ತದೆ, ನಾವು ಏನೂ ಒತ್ತಬೇಕಾಗಿಲ್ಲ.

ಇನ್ನು ಬಸ್ಸು. ನಮ್ಮ ಅಸಲಿ ಪರೀಕ್ಷೆ ಇದೇ.

ಬೆಂಗಳೂರಿನಿಂದ ಮಂಗಳೂರಿಗೆ ರಾತ್ರಿ ವೋಲ್ವೊ. ಎಂಜಿನ್ ಹಿಂದುಗಡೆ ಇರುತ್ತದೆ. ಹಿಂದಿನ ಸಾಲಿನಲ್ಲಿ ಕೂತರೆ ಒಂದೇ ಸಮನೆ ಗುಂಯ್, ಜೊತೆಗೆ ಎಸಿಯ ಉಸ್ ಅನ್ನುವ ಸದ್ದು. ಗುಂಯ್‌ನಲ್ಲಿ ಮತ್ತೆ ಇಬ್ಬರೂ ಸಮ. ಎಸಿ ಉಸ್‌ನಲ್ಲಿ ಹೊಸದು ಒಂದು ಕೈ ಮೇಲು. ಆದರೆ ಬಸ್ಸಿನಲ್ಲಿ ನಿದ್ದೆ ಕೆಡಿಸುವುದು ಇವೆರಡೂ ಅಲ್ಲ. ಫೋನಿನಲ್ಲಿ ಜೋರಾಗಿ ರೀಲ್ಸ್ ಹಾಕಿಕೊಂಡು ಕೂರುವವರು. ಬಸ್ಸಿನೊಳಗೆ ಹೀಗೆ ಸ್ಪೀಕರ್ ಹಾಕಿ ಕೇಳುವಂತಿಲ್ಲ ಅಂತ ಹೈಕೋರ್ಟ್ ನಿರ್ದೇಶನ ಕೊಟ್ಟು, 2021ರಲ್ಲೇ ಕೆಎಸ್‌ಆರ್‌ಟಿಸಿ ಆದೇಶ ಮಾಡಿದೆ. ಹೇಳಿದರೂ ಕೇಳದಿದ್ದರೆ ಕಂಡಕ್ಟರ್ ಇಳಿಸಬಹುದು. ಆದರೆ ಶಿರಾಡಿ ಘಾಟ್‌ನಲ್ಲಿ ರಾತ್ರಿ ಎರಡು ಗಂಟೆಗೆ ಯಾರು ಯಾರನ್ನು ಇಳಿಸುತ್ತಾರೆ?

ಈ ಮಾತಿನ ಸದ್ದಿದೆಯಲ್ಲ, ಇಲ್ಲೇ ಹೊಸದಕ್ಕೆ ಕೊಟ್ಟ ದುಡ್ಡು ಕಾಣಿಸುವುದು. ಮನುಷ್ಯರ ದನಿ ಗುಂಯ್‌ಗಿಂತ ಮೇಲಿನ ಸದ್ದು, ಮತ್ತು ಅದು ಒಂದೇ ಸಮ ಇರುವುದಿಲ್ಲ. ಏರುತ್ತದೆ, ಇಳಿಯುತ್ತದೆ, ನಡುವೆ ನಗು ಬರುತ್ತದೆ. ಚಿಪ್ಪು ಓಡಿ ಹಿಡಿಯಬೇಕು. ಹಳೆಯದರಲ್ಲಿ ಸದ್ದು ಹಿಡಿಯಲು ನಾಲ್ಕು ಮೈಕು. ನಡುವೆ 2022ರಲ್ಲಿ ಬಂದ ಎಕ್ಸ್‌ಎಂ5ರಲ್ಲಿ ಎಂಟು. ಹೊಸದರಲ್ಲಿ 12. ಹೊಸ ಚಿಪ್ಪು ಹಳೆಯದಕ್ಕಿಂತ ಏಳು ಪಟ್ಟು ಚುರುಕು ಅಂತ ಸೋನಿ ಹೇಳುತ್ತದೆ. ಏಳೋ ಐದೋ ಅಳೆಯಲು ನನ್ನ ಹತ್ತಿರ ಯಂತ್ರ ಇಲ್ಲ. ಕಿವಿಗೆ ಗೊತ್ತಾಗಿದ್ದು ಇಷ್ಟು: ಹಾಡಿಲ್ಲದೆ ಹಳೆಯದನ್ನು ಹಾಕಿಕೊಂಡಾಗ ಹಿಂದಿನ ಸೀಟಿನ ಮಾತು ಏನು ಅಂತ ತಿಳಿಯುತ್ತಿತ್ತು. ಮಗಳ ಮದುವೆ, ಚೌಲ್ಟ್ರಿ ಬಾಡಿಗೆ, ಎಲ್ಲ. ಹೊಸದರಲ್ಲಿ ಯಾರೋ ಮಾತಾಡುತ್ತಿದ್ದಾರೆ ಅಂತ ಮಾತ್ರ ಗೊತ್ತು, ಚೌಲ್ಟ್ರಿ ಬಾಡಿಗೆ ಎಷ್ಟು ಅಂತ ಗೊತ್ತಾಗಲಿಲ್ಲ. ಮೆಲ್ಲಗೆ ಒಂದು ವೀಣೆ ಹಾಕಿದರೆ ಅದೂ ಹೋಯಿತು. ಹಳೆಯದರಲ್ಲಿ ಅಷ್ಟಕ್ಕೇ ವಾಲ್ಯೂಮ್ ಏರಿಸಬೇಕಾಗಿತ್ತು. ರಾತ್ರಿಯಿಡೀ ಪ್ರಯಾಣ ಮಾಡುವಾಗ ವಾಲ್ಯೂಮ್ ಕಡಿಮೆ ಇಟ್ಟಷ್ಟೂ ಕಿವಿಗೆ ಒಳ್ಳೆಯದು. ನನಗೆ ಇದು ಸಣ್ಣ ವಿಷಯ ಅಲ್ಲ.

ಕೆಂಪು ಬಸ್ಸಿನ ಲೆಕ್ಕ ಬೇರೆ. ಎಂಜಿನ್ ಮುಂದೆ, ಕಿಟಕಿ ಗಾಜು ಗಡಗಡ, ಹಾರ್ನ್ ಯಾವಾಗ ಬೀಳುತ್ತದೋ ದೇವರಿಗೇ ಗೊತ್ತು. ತಟ್ಟನೆ ಬರುವ ಹಾರ್ನಿಗೆ ಹಳೆಯದೂ ಸೋಲುತ್ತದೆ, ಹೊಸದೂ ಸೋಲುತ್ತದೆ. ಕಿಟಕಿ ತೆರೆದಿದ್ದರೆ ಗಾಳಿ ನೇರ ಮೈಕಿಗೆ ಹೊಡೆದು ಕಿವಿಯಲ್ಲಿ ಬುರ್ರ್ ಅನ್ನುತ್ತದೆ. ಹೊಸದು ಅದನ್ನು ತಾನೇ ಸಂಭಾಳಿಸಲು ನೋಡುತ್ತದೆ. ಹಳೆಯದರಲ್ಲಿ ಆಪ್ ತೆರೆದು ಗಾಳಿ ಸದ್ದು ಕಡಿಮೆ ಮಾಡುವ ಆಯ್ಕೆ ಹುಡುಕಬೇಕು. ನಿಜ ಹೇಳಬೇಕೆಂದರೆ, ಒಂದೆರಡು ಗಂಟೆಯ ಕೆಂಪು ಬಸ್ಸಿಗೆ ಎರಡೂ ಬೇಡ. ಕಂಡಕ್ಟರ್ ಊರ ಹೆಸರು ಕೂಗುವುದು ಕೇಳದಿದ್ದರೆ ಇಳಿಯುವ ಸ್ಟಾಪ್ ದಾಟಿ ಹೋಗುತ್ತದೆ.

ರೈಲನ್ನು ಬೇಗ ಮುಗಿಸುತ್ತೇನೆ. ಎಸಿ ಬೋಗಿಯಲ್ಲಿ ಎರಡೂ ಚೆನ್ನಾಗಿವೆ, ಚಾಯ್ ಚಾಯ್ ಅನ್ನುವ ಕೂಗು ಎರಡರಲ್ಲೂ ಒಳಗೆ ಬರುತ್ತದೆ, ಬರಲಿ ಬಿಡಿ. ಆದರೆ ಹಗಲು ರೈಲಿನಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಕಡೆಗೆ ಇಳಿಯುತ್ತಿದ್ದರೆ ದಯವಿಟ್ಟು ಹೆಡ್‌ಫೋನ್ ತೆಗೆದು ಚೀಲಕ್ಕೆ ಹಾಕಿ. ಆ ದಾರಿಯಲ್ಲಿ 57 ಸುರಂಗ ಇವೆ. ಒಂದೊಂದರೊಳಗೆ ನುಗ್ಗುವಾಗ ಮಕ್ಕಳೆಲ್ಲ ಒಟ್ಟಿಗೆ ಹೋ ಅಂತ ಕಿರುಚುತ್ತಾರೆ. ಅದನ್ನು ಕ್ಯಾನ್ಸಲ್ ಮಾಡಿಕೊಂಡು ಹೋಗುವವರಿಗೆ ನಾನು ಏನು ಹೇಳಲಿ!

ಈಗ ಕುಶನ್. ಇದನ್ನು ರಿವ್ಯೂಗಳಲ್ಲಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಉಲ್ಟಾ ಅಲೆ ಸರಿಯಾಗಿ ಕೆಲಸ ಮಾಡಬೇಕಾದರೆ ಕುಶನ್ ಕಿವಿಯ ಸುತ್ತ ಸಂದಿಲ್ಲದೆ ಕೂರಬೇಕು. ಕನ್ನಡಕದ ಕಡ್ಡಿ ದಪ್ಪ ಇದ್ದರೆ ಸಂದಿ ಆಗುತ್ತದೆ, ಗುಂಯ್ ಒಳಗೆ ಬರುತ್ತದೆ. ಮದುವೆಗೆ ಹೊರಟು ಜುಮುಕಿ ಹಾಕಿಕೊಂಡಿದ್ದರೂ ಅಷ್ಟೇ. ಜೊತೆಗೆ ಅರ್ಧ ಗಂಟೆಯಲ್ಲಿ ಕಿವಿ ನೋವು ಶುರು. ನಾನು ಬಸ್ಸು ಹತ್ತಿದ ಕೂಡಲೇ ಜುಮುಕಿ ಬಿಚ್ಚಿ ಹೆಡ್‌ಫೋನಿನ ಕೇಸಿನಲ್ಲೇ ಹಾಕಿಡುತ್ತೇನೆ. ಆ ಕೇಸಿಗೆ ಇದಕ್ಕಿಂತ ಒಳ್ಳೆ ಉಪಯೋಗ ನಾನು ಕಂಡಿಲ್ಲ.

ಕರಾವಳಿಯ ಸೆಕೆ, ಬೆವರು ಸೇರಿ ಕುಶನ್ನಿನ ಮೇಲಿನ ಪದರ ನಿಧಾನಕ್ಕೆ ಸುಲಿಯುತ್ತದೆ. ಒಳಗಿನ ಸ್ಪಂಜು ಚಪ್ಪಟೆ ಆಗುತ್ತದೆ. ಆಮೇಲೆ ಜನ ಹೇಳುವುದೇನು? ಹಳೆಯದು ಮೊದಲಿನಂತೆ ಸದ್ದು ತಡೆಯುತ್ತಿಲ್ಲ, ಹೊಸದು ತಗೋಬೇಕು ಅಂತ. ಮೊದಲು ಕುಶನ್ ಬದಲಾಯಿಸಿ. ಹಳೆಯದರಲ್ಲಿ ಅದು ಕ್ಲಿಪ್ಪಿನ ಮೇಲೆ ಕೂತಿರುತ್ತದೆ, ಅಂಚಿನಿಂದ ಮೆಲ್ಲಗೆ ಎತ್ತಿದರೆ ಬಿಟ್ಟುಕೊಳ್ಳುತ್ತದೆ. ಹೊಸ ಹೆಡ್‌ಫೋನಿನ ಬೆಲೆ ಎಲ್ಲಿ, ಒಂದು ಜೊತೆ ಕುಶನ್ನಿನ ಬೆಲೆ ಎಲ್ಲಿ! ಮಳೆಯ ಬಗ್ಗೆಯೂ ಒಂದು ಮಾತು. ಎರಡಕ್ಕೂ ನೀರು ತಡೆಯುವ ರೇಟಿಂಗ್ ಇಲ್ಲ. ಜುಲೈನಲ್ಲಿ ಆಗುಂಬೆ ಕಡೆ ಹೋಗುವವರು ಕೊರಳಿಗೆ ನೇತು ಹಾಕಿಕೊಂಡು ಬಸ್ಸಿನಿಂದ ಇಳಿಯಬೇಡಿ.

ಸಣ್ಣ ಪುಟ್ಟ ವಿಷಯಗಳಲ್ಲಿ ಹಳೆಯದೇ ಗೆಲ್ಲುವ ಒಂದು ಕಡೆ ಇದೆ. ವಿಮಾನದ ಸೀಟಿನಲ್ಲಿ ಎರಡು ತೂತಿನ ಜಾಕ್ ಇರುತ್ತದಲ್ಲ, ಅದಕ್ಕೆ ಬೇಕಾದ ಅಡಾಪ್ಟರ್ ಹಳೆಯದರ ಡಬ್ಬಿಯಲ್ಲೇ ಬರುತ್ತಿತ್ತು. ಈಗ ನಾವೇ ಕೊಳ್ಳಬೇಕು. ಹೊಸದು ಗೆಲ್ಲುವುದು ಚಾರ್ಜಿಂಗಿನಲ್ಲಿ. ಹಳೆಯದಕ್ಕೆ ಕೇಬಲ್ ಚುಚ್ಚಿದರೆ ಆಫ್ ಆಗಿಬಿಡುತ್ತದೆ, ಹಾಡು ನಿಂತಿತು. ಹೊಸದು ಚಾರ್ಜ್ ಆಗುತ್ತಲೇ ಹಾಡುತ್ತದೆ. ಪವರ್ ಬ್ಯಾಂಕ್ ಹಾಕಿಕೊಂಡು ಘಾಟಿ ಇಳಿಯಬಹುದು.

ಬಲ ಕಪ್ಪಿನ ಮೇಲೆ ಅಂಗೈ ಮುಚ್ಚಿದರೆ ಹಾಡು ತಗ್ಗಿ ಹೊರಗಿನ ಮಾತು ಕೇಳಿಸುತ್ತದೆ. ಟಿಕೆಟ್ ಕೇಳುವಾಗ ಬಹಳ ಉಪಯೋಗ, ಎರಡರಲ್ಲೂ ಇದೆ. ನಾವು ಮಾತಾಡಿದ ಕೂಡಲೇ ಹಾಡು ನಿಲ್ಲಿಸುವ ಸ್ಪೀಕ್ ಟು ಚಾಟ್ ಕೂಡ ಎರಡರಲ್ಲೂ ಇದೆ. ನಾನು ಅದನ್ನು ಆಫ್ ಮಾಡಿಟ್ಟಿದ್ದೇನೆ. ಹಾಡಿನ ಜೊತೆ ಗುನುಗಿದರೂ ನಿಲ್ಲಿಸುತ್ತದೆ. ನನ್ನ ಗಾಯನದ ಬಗ್ಗೆ ಅಭಿಪ್ರಾಯ ಹೇಳಲು ಮನೆಯವರೇ ಸಾಕು.

ಎಕ್ಸ್‌ಎಂ5 ಆಫರಿನಲ್ಲಿ ಸಿಗುತ್ತಿದೆ, ಅದು ಹೇಗೆ ಅಂತ ಕೇಳುವವರಿಗೆ: ಸದ್ದು ತಡೆಯುವುದರಲ್ಲಿ ಇವೆರಡರ ನಡುವೆ ನಿಲ್ಲುತ್ತದೆ. ಆದರೆ ಅದು ಮಡಚಿಕೊಳ್ಳುವುದಿಲ್ಲ, ಕಪ್ಪು ತಿರುಗುತ್ತದೆ ಅಷ್ಟೇ. ಕೇಸು ಊಟದ ತಟ್ಟೆಯಷ್ಟು ಅಗಲ. ಲ್ಯಾಪ್‌ಟಾಪ್, ಚಾರ್ಜರ್, ಒಂದು ಜೊತೆ ಬಟ್ಟೆ, ಅಮ್ಮ ಕೊಟ್ಟ ಚಕ್ಕುಲಿ ಡಬ್ಬಿ ತುಂಬಿದ ಬ್ಯಾಗಿನಲ್ಲಿ ಅದಕ್ಕೆ ಜಾಗ ಇಲ್ಲ. ಸೋನಿಗೂ ಹಾಗೇ ಅನ್ನಿಸಿರಬೇಕು, 2025ರಲ್ಲಿ ಮತ್ತೆ ಮಡಚುವ ವಿನ್ಯಾಸಕ್ಕೆ ಬಂದರು.

ನನ್ನ ಪ್ರಯಾಣ ಹೆಚ್ಚಾಗಿ ರಾತ್ರಿ ಬಸ್ಸಿನದು, ಮಾತಿನ ಸದ್ದು ನನಗೆ ಆಗುವುದಿಲ್ಲ. ಹಾಗಾಗಿ ಹೊಸದು ನನ್ನ ಹತ್ತಿರ ಉಳಿಯುತ್ತದೆ. ವಿಮಾನದಲ್ಲಿ ಮಾತ್ರ ಹೋಗುವವರಾಗಿದ್ದರೆ, ಹಳೆಯದು ಚೆನ್ನಾಗಿ ಓಡುತ್ತಿದ್ದರೆ, ಆ 40 ಸಾವಿರವನ್ನು ಟಿಕೆಟ್‌ಗೆ ಹಾಕಿ.

ನನ್ನ ಹಳೆಯದನ್ನು ತಂಗಿಗೆ ಕೊಡುತ್ತೇನೆ ಅಂದೆ. ಅವಳು ವಾರ ವಾರ ಹಾಸನಕ್ಕೆ ಹೋಗಿ ಬರುತ್ತಾಳೆ. ಖುಷಿ ಪಡುತ್ತಾಳೆ ಅಂದುಕೊಂಡರೆ, ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಅಕ್ಕಾ, ನಿನ್ನ ಬೆವರಿನ ಕುಶನ್ ನನಗೆ ಬೇಡ. ಹೊಸದು ಹಾಕಿಸಿ ಕೊಡು" ಅಂದಳು. ಆರ್ಡರ್ ಮಾಡಿದ್ದೇನೆ, ಗುರುವಾರ ಬರುತ್ತದಂತೆ.